ತುರಿಕೆ ನಿಂತಿತು, ಸೋಂಕು ಹೋಯಿತೇ? ಚರ್ಮದ ಸೋಂಕಿಗೆ ಗಿಡಮೂಲಿಕೆ: ಪ್ರಯೋಗಗಳು ಹೇಳುವುದೇನು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಗಿಡಮೂಲಿಕೆ ಕೆಲಸ ಮಾಡುತ್ತದೆಯೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಗಿಡ, ಅದರ ಯಾವ ಭಾಗ, ನೀರಿನಲ್ಲೋ ಎಣ್ಣೆಯಲ್ಲೋ, ಎಷ್ಟು ಪ್ರಮಾಣದಲ್ಲಿ, ಯಾವ ಸೋಂಕಿಗೆ, ಎಷ್ಟು ದಿನ ಎಂದು ಬಿಡಿಸಿ ಕೇಳಬೇಕು. ಹಾಗೆ ಕೇಳಿದಾಗ ಕೆಲವು ಗಿಡಗಳ ಪರವಾಗಿ ನಿಜಕ್ಕೂ ಒಳ್ಳೆಯ ಪುರಾವೆ ಇದೆ, ಕೆಲವಕ್ಕೆ ಹೆಸರು ಮಾತ್ರ ಇದೆ ಎಂಬುದು ಕಾಣುತ್ತದೆ. ಇನ್ನೂ ಒಂದು ಪ್ರಶ್ನೆಯನ್ನು ಇವತ್ತು ಮತ್ತೆ ಮತ್ತೆ ಎತ್ತುತ್ತೇವೆ: ಪ್ರಯೋಗ ಮಾಡಿದವರು ಅಳೆದದ್ದು ಏನನ್ನು? ತುರಿಕೆ, ಉರಿ ಕಡಿಮೆಯಾದದ್ದನ್ನೋ, ಅಥವಾ ರೋಗಾಣು ಸತ್ತದ್ದನ್ನೋ?

ಮೊದಲು ರೋಗವನ್ನು ಗುರುತಿಸೋಣ. ಚರ್ಮದ ಸೋಂಕು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಬೇರೆ ಬೇರೆ ಜೀವಿಗಳಿವೆ. ಗಜಕರ್ಣ ಅಥವಾ ಹುಳುಕಡ್ಡಿ ಬರುವುದು ಟ್ರೈಕೋಫೈಟಾನ್ ಮೊದಲಾದ ಶಿಲೀಂಧ್ರಗಳಿಂದ. ಅವು ಚರ್ಮ, ಕೂದಲು, ಉಗುರಿನಲ್ಲಿರುವ ಕೆರಟಿನ್ ಎಂಬ ಪ್ರೋಟೀನ್ ತಿಂದು ಬದುಕುತ್ತವೆ. ಚಿಬ್ಬು ಬರುವುದು ಮಲಸೇಜಿಯ ಎಂಬ ಯೀಸ್ಟ್‌ನಿಂದ. ತುರಿಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಕುರು, ಕೀವುಗುಳ್ಳೆ, ಹಕ್ಕಳೆ ಕಟ್ಟುವ ಹುಣ್ಣುಗಳಿಗೆ ಸ್ಟ್ಯಾಫಿಲೋಕಾಕಸ್ ಅಥವಾ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ. ನರುಳಿ ವೈರಸ್‌ನಿಂದ ಬರುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಆಹಾರವಾಗಲೂಬಹುದು. ಉತ್ಪ್ರೇಕ್ಷೆಯಲ್ಲ, ಚಿಬ್ಬಿನಲ್ಲಿ ನಿಜಕ್ಕೂ ಹಾಗೆ ಆಗುತ್ತದೆ. ಅದಕ್ಕೆ ಆಮೇಲೆ ಬರೋಣ.

ಎರಡನೆಯದು ಆಳ. ಗಜಕರ್ಣದ ಶಿಲೀಂಧ್ರ ಸತ್ತ ಕೋಶಗಳ ಹೊರಪದರದಲ್ಲಿ ಇರುತ್ತದೆ. ಮೈಯ ಬಹುಭಾಗದಲ್ಲಿ ಆ ಪದರದ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಮೇಲೆ ಹಚ್ಚಿದ ಮದ್ದು ಅಲ್ಲಿಗೆ ಸುಲಭವಾಗಿ ತಲುಪುತ್ತದೆ. ಅದೇ ಶಿಲೀಂಧ್ರ ತಲೆಗೂದಲಿನ ಬುಡಕ್ಕೆ ಅಥವಾ ಉಗುರಿನೊಳಕ್ಕೆ ಇಳಿದಾಗ ಲೇಪ ಮುಟ್ಟುವುದಿಲ್ಲ. ಮಕ್ಕಳ ತಲೆಯಲ್ಲಿ ಕೂದಲು ತುಂಡಾಗಿ ಬೋಳು ಮಚ್ಚೆ ಬಂದರೆ ನುಂಗುವ ಶಿಲೀಂಧ್ರನಾಶಕವೇ ಬೇಕು. ಯಾವ ಎಣ್ಣೆ, ಯಾವ ಮುಲಾಮೂ ಅದನ್ನು ಒಂಟಿಯಾಗಿ ವಾಸಿ ಮಾಡದು. ಕುರುವಿನ ಕೀವು ಇನ್ನೂ ಕೆಳಗೆ, ಗೋಡೆ ಕಟ್ಟಿಕೊಂಡು ಕೂತಿರುತ್ತದೆ.

ಅಣುವಿನ ಗಾತ್ರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಆರೋಗ್ಯವಂತ ಚರ್ಮದೊಳಕ್ಕೆ ಹೋಗುವುದು ಕಷ್ಟ. ಮುಂದೆ ವಿವರಿಸುವ ಟೀ ಟ್ರೀ ತೈಲದ ಮುಖ್ಯ ಅಂಶವಾದ ಟರ್ಪಿನೆನ್-4-ಆಲ್ ಕೇವಲ 154 ಡಾಲ್ಟನ್, ಸಲೀಸಾಗಿ ಹೋಗುತ್ತದೆ. ಬೇವಿನ ಹೆಸರಾಂತ ಅಜಾಡಿರಾಕ್ಟಿನ್ ಸುಮಾರು 720. ಹಚ್ಚಿದರೂ ಬಹುಪಾಲು ಮೇಲೆಯೇ ಉಳಿಯುತ್ತದೆ.

ಈಗ ಪ್ರಯೋಗಾಲಯದ ತಟ್ಟೆಗೆ ಬರೋಣ. ರೋಗಾಣು ಬೆಳೆಸಿದ ತಟ್ಟೆಯ ನಡುವೆ ಸಸ್ಯದ ಸಾರ ಹಾಕುತ್ತಾರೆ, ಸುತ್ತ ಬೆಳವಣಿಗೆ ಇಲ್ಲದ ಉಂಗುರ ಮೂಡುತ್ತದೆ, ಚಿತ್ರ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಉಂಗುರದ ಅಗಲ ಮದ್ದಿನ ಶಕ್ತಿಯನ್ನಷ್ಟೇ ತೋರಿಸುವುದಿಲ್ಲ, ಅದು ತಟ್ಟೆಯಲ್ಲಿರುವ ಅಗರ್ ಎಂಬ ಲೋಳೆಯಂಥ ಪದರದಲ್ಲಿ ಎಷ್ಟು ಹರಡಿತು ಎಂಬುದನ್ನೂ ತೋರಿಸುತ್ತದೆ. ನೀರಿನಲ್ಲಿ ಕರಗದ, ಅರಿಶಿನದ ಕರ್ಕ್ಯುಮಿನ್ ಹರಡುವುದಿಲ್ಲ, ಉಂಗುರ ಕಿರಿದಾಗುತ್ತದೆ. ಆವಿಯಾಗುವ ಸಾರತೈಲ ಗಾಳಿಯ ಮೂಲಕವೂ ಹರಡಿ ಉಂಗುರ ಹಿಗ್ಗುತ್ತದೆ. ಸಾರ ತೆಗೆಯಲು ಬಳಸಿದ ಎಥನಾಲ್ ಉಳಿದಿದ್ದರೆ ಅದೇ ರೋಗಾಣುವನ್ನು ಕೊಂದಿರುತ್ತದೆ. ಬರೀ ಎಥನಾಲ್ ಹಾಕಿದ ಜೋಡಿ ತಟ್ಟೆ ಇಲ್ಲದ ಪ್ರಯೋಗವನ್ನು ಪಕ್ಕಕ್ಕಿಡಿ. ಉಂಗುರಕ್ಕಿಂತ ನಂಬಬಹುದಾದದ್ದು ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣದ ಅಳತೆ. ಸಸ್ಯಸಾರದ ಮಟ್ಟಿಗೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಒಳಗೆ ಬಂದರೆ ಗಮನಿಸಬೇಕಾದದ್ದು, 1000 ದಾಟಿದರೆ ಔಷಧವಾಗುವ ಆಸೆ ಕಡಿಮೆ ಎಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಂದಾಜು. ಸಾಕಷ್ಟು ಗಟ್ಟಿಯಾಗಿ ಸುರಿದರೆ ಉಪ್ಪುನೀರೂ ಕೊಲ್ಲುತ್ತದೆ.

ತಟ್ಟೆಯಿಂದ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದಾಗ ಟೀ ಟ್ರೀ ತೈಲದ ಕಥೆ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಇದು ಆಸ್ಟ್ರೇಲಿಯಾದ ಮೆಲಲ್ಯೂಕ ಗಿಡದ ಎಲೆಯಿಂದ ಭಟ್ಟಿ ಇಳಿಸಿದ ತೈಲ. ಕಾಲ್ಬೆರಳ ಸಂದಿನ ಶಿಲೀಂಧ್ರ ಸೋಂಕಿಗೆ ಶೇ 10ರ ಟೀ ಟ್ರೀ ಕ್ರೀಮನ್ನು ಟಾಲ್ನಾಫ್ಟೇಟ್ ಎಂಬ ಔಷಧದೊಂದಿಗೂ ಪ್ಲಸೀಬೊ, ಅಂದರೆ ಮದ್ದಿಲ್ಲದ ತೋರಿಕೆಯ ಕ್ರೀಮಿನೊಂದಿಗೂ 104 ಜನರಲ್ಲಿ ಹೋಲಿಸಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ತುರಿಕೆ, ಉರಿ, ಸಿಪ್ಪೆ ಏಳುವುದು ಟೀ ಟ್ರೀ ಗುಂಪಿನಲ್ಲಿ ಔಷಧದ ಗುಂಪಿನಷ್ಟೇ ಇಳಿದಿತ್ತು. ರೋಗಿಯನ್ನು ಕೇಳಿದರೆ ‘ವಾಸಿಯಾಯಿತು’ ಎನ್ನುತ್ತಿದ್ದರು. ಚರ್ಮ ಕೆರೆದು ಪರೀಕ್ಷೆಗೆ ಕಳಿಸಿದಾಗ ಶಿಲೀಂಧ್ರ ಹೋಗಿದ್ದದ್ದು ಟಾಲ್ನಾಫ್ಟೇಟ್ ಗುಂಪಿನ ಶೇ 85 ಜನರಲ್ಲಿ, ಟೀ ಟ್ರೀ ಗುಂಪಿನ ಶೇ 30 ಜನರಲ್ಲಿ, ಪ್ಲಸೀಬೊ ಗುಂಪಿನ ಶೇ 21 ಜನರಲ್ಲಿ. ಅಂದರೆ ಹಿತವಾಗಿತ್ತು, ಸೋಂಕು ಅಲ್ಲೇ ಇತ್ತು.

ಅಷ್ಟಕ್ಕೇ ತೈಲವನ್ನು ತಳ್ಳಿಹಾಕಿದ್ದರೆ ತಪ್ಪಾಗುತ್ತಿತ್ತು. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅದೇ ಸೋಂಕಿಗೆ ಶೇ 25 ಮತ್ತು ಶೇ 50ರ ದ್ರಾವಣವನ್ನು ದಿನಕ್ಕೆ 2 ಸಲ, 4 ವಾರ ಹಚ್ಚಿಸಿದರು. ಶೇ 50ರ ಗುಂಪಿನಲ್ಲಿ ಶೇ 64 ಜನರ ಶಿಲೀಂಧ್ರ ಹೋಯಿತು, ಪ್ಲಸೀಬೊದಲ್ಲಿ ಶೇ 31. ಗಿಡ ಅದೇ, ರೋಗ ಅದೇ, ಪ್ರಮಾಣ ಬೇರೆ. ಜೊತೆಗೆ ಬೆಲೆಯನ್ನೂ ತೆರಬೇಕಾಯಿತು: ತೈಲ ಹಚ್ಚಿಕೊಂಡವರಲ್ಲಿ ಶೇ 3.8 ಜನರಿಗೆ ಚರ್ಮ ಕೆರಳಿ ಉರಿಯೂತ ಬಂತು, ನಿಲ್ಲಿಸಿದ ಮೇಲೆ ಬೇಗ ಇಳಿಯಿತು. ಪ್ಲಸೀಬೊ ಗುಂಪಿನ ಶೇ 31ನ್ನೂ ಮರೆಯಬೇಡಿ. ಮದ್ದಿಲ್ಲದ ದ್ರಾವಣ ಹಚ್ಚಿಕೊಂಡವರಲ್ಲೇ ಮೂವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಗುಣವಾಯಿತು. ‘ನಮಗೆ ಆ ಸೊಪ್ಪಿನಿಂದ ಹೋಯಿತು’ ಎನ್ನುವ ಅನುಭವದ ಮಾತುಗಳಲ್ಲಿ ಈ ಪಾಲೂ ಸೇರಿರುತ್ತದೆ.

ಇದನ್ನು ಬಳಸುವವರಿಗೆ ಅಳತೆ ಹೀಗೆ. ಶೇ 25 ಎಂದರೆ 1 ಮಿ.ಲೀ. ತೈಲಕ್ಕೆ 3 ಮಿ.ಲೀ. ಬೆರೆಸುವ ದ್ರವ. ಹನಿ ಎಣಿಸಬೇಡಿ, ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬದಲಾಗುತ್ತದೆ, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜಿನಲ್ಲಿ ಅಳೆಯಿರಿ. ತೈಲ ನೀರಿನಲ್ಲಿ ಬೆರೆಯುವುದಿಲ್ಲ. ನೀರಿಗೆ ಹಾಕಿ ಅಲುಗಿಸಿ ಹಚ್ಚಿದರೆ ಒಂದು ಕಡೆ ಬರೀ ನೀರು, ಇನ್ನೊಂದು ಕಡೆ ಅಪ್ಪಟ ತೈಲ ಬಿದ್ದು ಬೊಬ್ಬೆ ಏಳುತ್ತದೆ. ಅಧ್ಯಯನದಲ್ಲಿ ಬಳಸಿದ ಎಥನಾಲ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಮಿಶ್ರಣ ಮನೆಯಲ್ಲಿ ಸಿಗದು, ಎಣ್ಣೆಯಲ್ಲಿ ಬೆರೆಸಬಹುದು. ಹಾಗೆ ಬೆರೆಸಿದ್ದಕ್ಕೆ ಆ ಶೇ 64ರ ಅಂಕಿ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಲೇಬಲ್ ಮೇಲೆ ಐಎಸ್‌ಒ 4730 ಎಂದಿದೆಯೇ ನೋಡಿ; ಅದು ಟರ್ಪಿನೆನ್-4-ಆಲ್ ಇಷ್ಟಿರಬೇಕು, ಸಿನಿಯೋಲ್ ಎಂಬ ಅಂಶ ಇಷ್ಟನ್ನು ಮೀರಬಾರದು ಎಂದು ನಿಗದಿ ಮಾಡುವ ಮಾನದಂಡ. ತೆರೆದಿಟ್ಟ, ಬಿಸಿಲು ತಾಗಿದ ಹಳೆಯ ತೈಲ ಆಕ್ಸಿಜನ್ ಹೀರಿ ಬದಲಾಗುತ್ತದೆ, ಅಲರ್ಜಿ ತರುವ ಅಂಶಗಳು ಅದರಲ್ಲಿ ಹುಟ್ಟಿಕೊಳ್ಳುತ್ತವೆ. ಕಡು ಬಣ್ಣದ ಬಾಟಲಿ, ಬಿಗಿ ಮುಚ್ಚಳ, ತಂಪು ಜಾಗ. ಕುಡಿಯುವುದಂತೂ ಬೇಡವೇ ಬೇಡ, ಅದು ವಿಷ.

ಬೆಳ್ಳುಳ್ಳಿಯದು ಇದಕ್ಕಿಂತ ವಿಚಿತ್ರ. ಇಡೀ ಎಸಳಿನಲ್ಲಿ ಮದ್ದೇ ಇಲ್ಲ. ಜಜ್ಜಿದಾಗ ಅಲಿಯಿನ್ ಎಂಬ ಅಂಶವನ್ನು ಅಲಿನೇಸ್ ಕಿಣ್ವ ಅಲಿಸಿನ್ ಆಗಿ ಬದಲಿಸುತ್ತದೆ. ಆ ಅಲಿಸಿನ್ ಎಣ್ಣೆಯಲ್ಲಿ ಒಡೆದು ಅಜೋಯೀನ್ ಹುಟ್ಟುತ್ತದೆ. ಮೊದಲೇ ಬೇಯಿಸಿದರೆ ಕಿಣ್ವ ಸಾಯುತ್ತದೆ, ಮುಂದಿನದ್ಯಾವುದೂ ನಡೆಯುವುದಿಲ್ಲ. ಇಡೀ ಎಸಳನ್ನು ಕಾದ ಎಣ್ಣೆಗೆ ಹಾಕಿ ಕರಿದು ಸೋಸಿದ ಎಣ್ಣೆಯಲ್ಲಿ ವಾಸನೆ ಇದ್ದು ಗುಣವಿಲ್ಲದಿರುವುದು ಇದಕ್ಕೇ. ಶುದ್ಧೀಕರಿಸಿದ ಅಜೋಯೀನ್ ಮೇಲಿನ ಮಾನವ ಅಧ್ಯಯನಗಳ ಫಲಿತಾಂಶ ಮಾತ್ರ ಬಲವಾಗಿದೆ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಚಿಕಿತ್ಸೆಯ 60 ದಿನಗಳ ನಂತರ ನೋಡಿದಾಗ ಶೇ 1ರ ಅಜೋಯೀನ್ ಹಚ್ಚಿಕೊಂಡವರೆಲ್ಲರೂ ಗುಣವಾಗಿದ್ದರು, ಶೇ 1ರ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕದ ಗುಂಪಿನಲ್ಲಿ ಶೇ 94. ಭಾಗವಹಿಸಿದವರು 50ಕ್ಕೂ ಕಡಿಮೆ ಎಂಬುದನ್ನು ಸೇರಿಸಿಕೊಂಡು ಓದಬೇಕು. ಇದನ್ನು ಕೇಳಿ ಜಜ್ಜಿದ ಬೆಳ್ಳುಳ್ಳಿಯನ್ನು ಬಟ್ಟೆ ಕಟ್ಟಿ ರಾತ್ರಿಯಿಡೀ ಬಿಡುವವರಿದ್ದಾರೆ. ಬೆಳಗ್ಗೆ ಬಿಚ್ಚಿದಾಗ ಕಾಣುವುದು ಎರಡನೇ ದರ್ಜೆಯ ಸುಟ್ಟಗಾಯ: ಬೊಬ್ಬೆ ಎದ್ದು, ಒಡೆದು, ಕೆಂಪು ಹಸಿ ಮಾಂಸ. ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟು ದಾಖಲಾಗಿವೆ. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಬೇಡಿ.

ಗಜಕರ್ಣಕ್ಕೆ ಪರಂಪರೆಯಲ್ಲಿ ಬಂದ ಗಿಡ ಸೀಮೆ ಅಗಸೆ. ಎಲೆಯಲ್ಲಿ ರೀನ್, ಅಲೋ ಎಮೋಡಿನ್, ಕ್ರೈಸೊಫೆನಾಲ್‌ನಂಥ ಆಂಥ್ರಕ್ವಿನೋನ್ ಗುಂಪಿನ ರಾಸಾಯನಿಕಗಳಿವೆ. ಚಿಬ್ಬಿಗೆ ಎಲೆಯ ಸಾರ ಬಳಸಿದ, 10 ವರ್ಷಗಳ ಅವಧಿಯ ಮಾನವ ಅಧ್ಯಯನವೊಂದು 1994ರಲ್ಲಿ ಪ್ರಕಟವಾಗಿದೆ. ಅಡ್ಡ ಪರಿಣಾಮವಿಲ್ಲದೆ ಒಳ್ಳೆಯ ಗುಣ ಕಂಡಿತೆಂದು ವರದಿ. ಫಿಲಿಪ್ಪೀನ್ಸ್ ಆರೋಗ್ಯ ಇಲಾಖೆ ಶಿಫಾರಸು ಮಾಡಿದ 10 ಔಷಧೀಯ ಸಸ್ಯಗಳಲ್ಲಿ ಇದೂ ಒಂದು. ಹಚ್ಚುವ ಕ್ರಮ: ಬಲಿತ, ಹುಳು ಹೊಡೆಯದ ಹಸಿ ಎಲೆ ಸುಮಾರು 20 ಗ್ರಾಂ. ಹರಿಯುವ ನೀರಿನಲ್ಲಿ ಎರಡು ಸಲ ತೊಳೆದು, ನೀರು ಒರಸಿ, ಚೂರೇ ನೀರು ಚಿಮುಕಿಸಿ ನುಣ್ಣಗೆ ಅರೆಯಿರಿ. ಸೋಂಕಿನ ಉಂಗುರದ ಅಂಚಿನಿಂದ ಹೊರಕ್ಕೆ 2 ಸೆಂ.ಮೀ. ತನಕ ಹಚ್ಚಿ. ಇಲ್ಲೇ ಬಹುಪಾಲು ಜನ ಎಡವುವುದು: ತುರಿಸುವ ನಡುಭಾಗಕ್ಕೆ ದಪ್ಪಗೆ ಮೆತ್ತುತ್ತಾರೆ, ಶಿಲೀಂಧ್ರ ಚುರುಕಾಗಿ ಬೆಳೆಯುತ್ತಿರುವುದು ಅಂಚಿನಲ್ಲಿ ಮತ್ತು ಅದರಾಚೆ, ಕಣ್ಣಿಗೆ ಇನ್ನೂ ಚೊಕ್ಕಟವಾಗಿ ಕಾಣುವ ಚರ್ಮದಲ್ಲಿ. 20ರಿಂದ 30 ನಿಮಿಷ ಬಿಟ್ಟು ತೊಳೆದು ಪೂರ್ತಿ ಒಣಗಿಸಿ. ದಿನಕ್ಕೆ 2 ಸಲ. ಪ್ರತಿ ಸಲವೂ ಹೊಸದಾಗಿ ಅರೆಯಿರಿ. ಮಚ್ಚೆ ಕಾಣದಂತಾದ ಮೇಲೂ 2 ವಾರ ಮುಂದುವರಿಸಬೇಕು. ಹೊರಪದರ ಪೂರ್ತಿ ಹೊಸದಾಗಲು ವಾರಗಳೇ ಬೇಕು. ತುರಿಕೆ ನಿಂತ ದಿನವೇ ಬಿಟ್ಟರೆ ಉಳಿದ ತಂತುಗಳಿಂದ ಅದೇ ಜಾಗದಲ್ಲಿ ಮತ್ತೆ ಉಂಗುರ ಏಳುತ್ತದೆ. ತೊಡೆಸಂದಿಯಲ್ಲಿ ಈ ಲೇಪ ಬೇಡ, ಆ ಚರ್ಮ ತೆಳು, ಬೆವರು ಹೆಚ್ಚು, ಬೇಗ ಕೆರಳುತ್ತದೆ. ದೊಡ್ಡ ಪ್ರದೇಶಕ್ಕೆ ಹಬ್ಬಿದ್ದರೂ ಸೊಪ್ಪಿನ ಮೇಲೆ ಭರವಸೆ ಇಡಬೇಡಿ. ಟರ್ಬಿನಾಫಿನ್‌ಗೂ ಬಗ್ಗದ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಬಗೆ ಈಗ ಹಲವು ದೇಶಗಳಲ್ಲಿದೆ.

ಚಿಬ್ಬಿಗೆ ಎಣ್ಣೆ ಹಚ್ಚುವುದರ ಬಗ್ಗೆ. ಮಲಸೇಜಿಯ ತಾನೇ ಕೊಬ್ಬಿನಾಮ್ಲ ತಯಾರಿಸಿಕೊಳ್ಳಲಾರದು, ಹೊರಗಿನ ಕೊಬ್ಬು ಸಿಕ್ಕರಷ್ಟೇ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಲು ತಟ್ಟೆಯ ಮೇಲೆ ಆಲಿವ್ ಎಣ್ಣೆ ಸುರಿಯುವುದುಂಟು. ಹಾಗಾಗಿ ಬೇವಿನೆಣ್ಣೆಯಾಗಲಿ ಸಾರತೈಲ ಬೆರೆಸಲು ಬಳಸುವ ಇನ್ನಾವ ಎಣ್ಣೆಯಾಗಲಿ ಚಿಬ್ಬಿನ ಮೇಲೆ ಬೇಡ. ನಿಂಬೆಹುಲ್ಲಿನ ಸಾರತೈಲ ಬೆರೆಸಿದ ಶಾಂಪೂ ಮತ್ತು ಕ್ರೀಮನ್ನು ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕದ ಜೊತೆ ಹೋಲಿಸಿದ ಅಧ್ಯಯನದಲ್ಲಿ ಸಾರತೈಲದ ಗುಂಪಿನ ಶೇ 60 ಜನರಲ್ಲಿ ಯೀಸ್ಟ್ ಹೋಯಿತು, ಕೀಟೊಕೊನಜೋಲ್‌ನಲ್ಲಿ ಶೇ 80ಕ್ಕೂ ಹೆಚ್ಚು. ಕೆಲಸ ಮಾಡುತ್ತದೆ, ಆದರೆ ಕೈಗೆ ಸಿಗುವ ಮದ್ದಿಗಿಂತ ಹಿಂದಿದೆ. ಯೀಸ್ಟ್ ಸತ್ತ ಮೇಲೂ ಬಿಳಿ ಮಚ್ಚೆ ತಿಂಗಳುಗಟ್ಟಲೆ ಉಳಿಯಬಹುದು. ಉಗುರಿನಿಂದ ಮೆಲ್ಲಗೆ ಗೀರಿದಾಗ ಹಿಟ್ಟಿನಂಥ ಪುಡಿ ಏಳದಿದ್ದರೆ ಸಾಮಾನ್ಯವಾಗಿ ಸೋಂಕು ಹೋಗಿದೆ, ಬಣ್ಣ ಬರುವುದಷ್ಟೇ ಬಾಕಿ.

ಬೇವು, ಅರಿಶಿನಕ್ಕೆ ಬರೋಣ. ಇವೆರಡರ ಲೇಪವನ್ನು ತುರಿಕಜ್ಜಿಯ 814 ಜನರಿಗೆ ಹಚ್ಚಿದ ಅಧ್ಯಯನ 1992ರದು. ಶೇ 97 ಜನ 3ರಿಂದ 15 ದಿನಗಳಲ್ಲಿ ಗುಣವಾದರೆಂದು ವರದಿ. ಎಲ್ಲ ಕಡೆ ಉಲ್ಲೇಖವಾಗುವ ಸಂಖ್ಯೆ ಇದು. ಆದರೆ ಇದು ಪ್ರಾಥಮಿಕ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ನುಸಿ ಸತ್ತ ಮೇಲೂ ಅದರ ಮೊಟ್ಟೆ, ಮಲದ ಅವಶೇಷಗಳಿಂದ 2ರಿಂದ 4 ವಾರ ತುರಿಕೆ ಇರುವುದು ಸಾಮಾನ್ಯ, ಹಾಗಿರುವಾಗ ಇಷ್ಟು ಬೇಗ ‘ಗುಣ’ ಎಂದದ್ದು ಯಾವ ಅಳತೆಯಿಂದ ಎಂಬ ಪ್ರಶ್ನೆ ಏಳುತ್ತದೆ. ಲೇಪ ಉರಿಯೂತ ತಗ್ಗಿಸಿ ತುರಿಕೆ ಇಳಿಸಿರಲೂಬಹುದು. ನುಸಿಯನ್ನೇ ಕೊಲ್ಲುವ ವಿಷಯದಲ್ಲಿ ಲವಂಗದ ಪುರಾವೆ ಇದಕ್ಕಿಂತ ಸ್ಪಷ್ಟ: ಅದರ ಯೂಜೆನಾಲ್ ತುರಿಕಜ್ಜಿಯ ಔಷಧವಾದ ಪರ್ಮೆತ್ರಿನ್‌ಗೆ ಬಗ್ಗದ ನುಸಿಗಳನ್ನೂ ಕೊಂದದ್ದು 2010ರ ಪ್ರಯೋಗದಲ್ಲಿ ಕಂಡಿದೆ. ಅದು ತಟ್ಟೆಯಲ್ಲಿ, ಮೈಗೆ ಹಚ್ಚುವ ಸುರಕ್ಷಿತ ಪ್ರಮಾಣ ಇನ್ನೂ ಸಿದ್ಧವಿಲ್ಲ, ಲವಂಗದ ತೈಲ ಚರ್ಮವನ್ನು ಸುಡುತ್ತದೆ.

ತುರಿಕಜ್ಜಿಯಲ್ಲಿ ಯಾವ ಮದ್ದಾದರೂ ಸೋಲುವುದಕ್ಕೆ ಹಚ್ಚುವ ರೀತಿಯೇ ಮುಖ್ಯ ಕಾರಣ. ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚುತ್ತಾರೆ. ಕತ್ತಿನಿಂದ ಅಂಗಾಲಿನವರೆಗೆ, ಬೆರಳ ಸಂದಿ, ಉಗುರಿನಡಿ, ಹೊಕ್ಕುಳು ಬಿಡದೆ ಹಚ್ಚಬೇಕು. ಶೇ 5ರ ಪರ್ಮೆತ್ರಿನ್ ಆದರೆ 8ರಿಂದ 14 ಗಂಟೆ ಬಿಟ್ಟು ತೊಳೆದು, ಮೊಟ್ಟೆಯೊಡೆದು ಬಂದ ಹೊಸ ನುಸಿಗಳಿಗಾಗಿ 7 ದಿನಗಳ ನಂತರ ಮತ್ತೊಮ್ಮೆ. ಮನೆಯಲ್ಲಿರುವ ಎಲ್ಲರೂ, ತುರಿಕೆ ಇಲ್ಲದವರೂ, ಅದೇ ದಿನ ಹಚ್ಚಿಕೊಳ್ಳಬೇಕು. ಬಟ್ಟೆ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಒಂದು ವಾರ ಚೀಲದಲ್ಲಿ ಕಟ್ಟಿಡಿ. ಬೇವಿನ ಲೇಪವನ್ನು ಇಷ್ಟು ನಿಷ್ಠೆಯಿಂದ ಮೈಗೆಲ್ಲ ದಿನವೂ ಹಚ್ಚುವುದು ಎಷ್ಟು ಜನರಿಗೆ ಸಾಧ್ಯ? ಬೇವಿನೆಣ್ಣೆಯನ್ನು ಮಗುವಿಗೆ ಕುಡಿಸಲೇಬಾರದು. 5 ಮಿ.ಲೀ.ನಷ್ಟು ಕುಡಿಸಿದ್ದಕ್ಕೇ ಶಿಶುಗಳು ವಾಂತಿ, ಫಿಟ್ಸ್, ಮಿದುಳಿನ ಊತಕ್ಕೆ ತುತ್ತಾದದ್ದು, ಸತ್ತದ್ದೂ ದಾಖಲಾಗಿದೆ.

ಅರಿಶಿನದ ಕರ್ಕ್ಯುಮಿನ್ ಬಗ್ಗೆ ಸಾವಿರಾರು ಪ್ರಬಂಧಗಳಿವೆ. ಅಂಥ ಸಂಖ್ಯೆಗೆ ಒಂದು ಕಾರಣ, ಈ ಅಣು ಪ್ರಯೋಗಾಲಯದ ಹಲವು ಪರೀಕ್ಷೆಗಳಿಗೆ ತಾನೇ ಅಡ್ಡಬಂದು ಹುಸಿ ಫಲಿತಾಂಶ ಕೊಡುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ಇದನ್ನು ವಿವರವಾಗಿ ತೋರಿಸಿದರು. ನೀರಿನಲ್ಲಿ ಕರಗದು, ಬೆಳಕಿಗೆ ಒಡೆಯುತ್ತದೆ. ಉರಿಯೂತ ತಗ್ಗಿಸುವ ಗುಣವನ್ನು ಒಪ್ಪಬಹುದು, ಸೋಂಕು ನಿವಾರಕ ಎಂಬ ಹೆಸರಿಗೆ ಆಧಾರ ತೆಳು. ಲೋಳೆಸರ ಹಿತ ಕೊಡುತ್ತದೆ, ರೋಗಾಣುವಿನ ಮೇಲೆ ಅದರ ಹಿಡಿತ ದುರ್ಬಲ. ತುಳಸಿಯದು ಬಹುಮಟ್ಟಿಗೆ ತಟ್ಟೆಯ ಪುರಾವೆ.

ಕುರುವಿಗೆ ಕಟ್ಟುವ ಬಿಸಿ ಪಟ್ಟು ಕೆಲಸ ಮಾಡುತ್ತದೆ, ಬಹುಪಾಲು ಬಿಸಿಯಿಂದಾಗಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು 10ರಿಂದ 15 ನಿಮಿಷ, ದಿನಕ್ಕೆ 3–4 ಸಲ ಇಟ್ಟರೂ ರಕ್ತಸಂಚಾರ ಹೆಚ್ಚಿ ಕುರು ಬೇಗ ಹಣ್ಣಾಗುತ್ತದೆ. ದೊಡ್ಡ ಕುರುವಿಗೆ ಸೀಳಿ ಕೀವು ತೆಗೆಯುವುದೇ ಚಿಕಿತ್ಸೆ. ಒಡೆದ ಹುಣ್ಣಿನ ಮೇಲೆ ಅರೆದ ಹಸಿ ಸೊಪ್ಪು ಹಾಕಬೇಡಿ. ಎಷ್ಟೇ ತೊಳೆದರೂ ಮಣ್ಣಿನ ಬೀಜಾಣುಗಳು ಎಲೆಯಲ್ಲಿ ಉಳಿಯುತ್ತವೆ, ಧನುರ್ವಾಯುವಿನದೂ ಅದರಲ್ಲಿ ಇರಬಹುದು. ತೆರೆದ ಗಾಯವಿಲ್ಲದ, ನೀರು ಸೋರುವ ಗಂದೆಗೆ ಆಲ, ಅತ್ತಿ, ಜಾಲಿಯಂಥ ಒಗರು ತೊಗಟೆಯ ಕಷಾಯ ಒಳ್ಳೆಯದು. 10 ಗ್ರಾಂ ಒಣ ತೊಗಟೆಗೆ 160 ಮಿ.ಲೀ. ನೀರು, ಸಣ್ಣ ಉರಿಯಲ್ಲಿ 40 ಮಿ.ಲೀ.ಗೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿದ ಮೇಲೆ ಪಟ್ಟಿ ಅದ್ದಿ ಇಡಿ. ಟ್ಯಾನಿನ್ ಮೇಲ್ಮೈಯ ಪ್ರೋಟೀನನ್ನು ಗಟ್ಟಿ ಮಾಡಿ ಸೋರಿಕೆ ನಿಲ್ಲಿಸುತ್ತದೆ. ಒಣಗಿದ ಮೇಲೂ ಮುಂದುವರಿಸಿದರೆ ಚರ್ಮ ಬಿರಿಯುತ್ತದೆ. ಕಷಾಯವನ್ನು ಮರುದಿನಕ್ಕೆ ಇಡಬೇಡಿ, ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಗಿಡದಿಂದ ಪೂರ್ಣ ಔಷಧದ ಮಟ್ಟಕ್ಕೆ ಏರಿದ್ದೂ ಇದೆ. ಹಸಿರು ಚಹಾದ ಎಲೆಯ ಸಾರದಿಂದ ಮಾಡಿದ ಶೇ 15ರ ಮುಲಾಮಿಗೆ 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಜನನಾಂಗದ ಹೊರಭಾಗದ ನರುಳಿಗೆ. ದಿನಕ್ಕೆ 3 ಸಲ, ಗರಿಷ್ಠ 16 ವಾರ. ಚಹಾ ಸೊಪ್ಪು ಅರೆದು ಹಚ್ಚಿದರೆ ಅದಾಗುವುದಿಲ್ಲ. ಪ್ರತಿ ಟ್ಯೂಬಿನಲ್ಲೂ ಚಹಾದ ಸಕ್ರಿಯ ಅಂಶವಾದ ಕ್ಯಾಟೆಚಿನ್ ಪ್ರಮಾಣ ಒಂದೇ ಇರುವಂತೆ ಮಾಡಿದ್ದರಲ್ಲೇ ಅರ್ಧ ಕೆಲಸವಿದೆ.

ಸಭಿಕರ ಕೆಲವು ಪ್ರಶ್ನೆಗಳು. ಚಿತ್ರಮೂಲದ ಬೇರು, ಎಕ್ಕದ ಹಾಲು ಹಚ್ಚಬಹುದೇ? ಬೇಡ. ಮೊದಲನೆಯದರ ಪ್ಲಂಬಾಜಿನ್ ಬೊಬ್ಬೆ ಎಬ್ಬಿಸುತ್ತದೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ನೋವಿಲ್ಲದೆಯೇ ಕಾರ್ನಿಯಾ ಮಬ್ಬಾಗುತ್ತದೆ, ಕೂಡಲೇ 15–20 ನಿಮಿಷ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಹೊಸ ಲೇಪ ಒಗ್ಗುತ್ತದೆಯೇ ಎಂದು ತಿಳಿಯುವುದು ಹೇಗೆ? ಮೊಣಕೈ ಒಳಮಡಿಕೆಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ 2 ಸಲ, 7 ದಿನ ಹಚ್ಚಿ ನೋಡಿ. ಒಂದೇ ಸಲ ಹಚ್ಚಿ ನೋಡಿದರೆ ತಡವಾಗಿ ಬರುವ ಅಲರ್ಜಿ ತಪ್ಪಿಹೋಗುತ್ತದೆ. ಯಾವಾಗ ಕಾಯಬಾರದು? ಜ್ವರ ಬಂದರೆ, ಕೆಂಪು ಹಬ್ಬುತ್ತಿದ್ದರೆ, ಕಾಣುವ ಗಾಯಕ್ಕಿಂತ ನೋವು ವಿಪರೀತವಾಗಿದ್ದರೆ, ಸೋಂಕು ಕಣ್ಣಿನ ಸುತ್ತ ಇದ್ದರೆ, ಸಕ್ಕರೆ ಕಾಯಿಲೆ ಇದ್ದವರ ಕಾಲಿನಲ್ಲಿದ್ದರೆ, ಶಿಶುವಿಗಾದರೆ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಕೆಲವೇ ಗಂಟೆಗಳಲ್ಲಿ ಗೆರೆ ದಾಟಿದರೆ ಆಸ್ಪತ್ರೆಗೆ ಹೋಗಿ. ಮಕ್ಕಳ ಹಕ್ಕಳೆ ಹುಣ್ಣನ್ನೂ ಉದಾಸೀನ ಮಾಡಬೇಡಿ, ಸ್ಟ್ರೆಪ್ಟೋಕಾಕಸ್ ಆಗಿದ್ದರೆ ಕೆಲವು ವಾರಗಳ ನಂತರ ಮೂತ್ರಪಿಂಡದ ಉರಿಯೂತ ಬರಬಹುದು.

ಕೊನೆಯ ಪ್ರಶ್ನೆ, ‘ಗಿಡಮೂಲಿಕೆ ಕ್ರೀಮ್ ಎರಡೇ ದಿನಕ್ಕೆ ತುರಿಕೆ ನಿಲ್ಲಿಸಿತು, ಇದು ಒಳ್ಳೆಯದಲ್ಲವೇ?’ ಎಂದು. ಸಂಶಯ ಪಡಬೇಕಾದದ್ದು ಆಗಲೇ. 1999ರಲ್ಲಿ, ಚರ್ಮರೋಗಕ್ಕೆಂದು ಕೊಟ್ಟಿದ್ದ 11 ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಬ್ರಿಟನ್ನಿನ ವೈದ್ಯರು ಪರೀಕ್ಷಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಸ್ಟೆರಾಯ್ಡ್ ಬಿದ್ದ ಗಜಕರ್ಣದಲ್ಲಿ ತುರಿಕೆ ಬೇಗ ನಿಲ್ಲುತ್ತದೆ, ಅಂಚಿನ ಕೆಂಪು ಮಾಸುತ್ತದೆ, ಉಂಗುರ ಮಾತ್ರ ಅಗಲವಾಗುತ್ತಾ ಹೋಗುತ್ತದೆ. ಕ್ರೀಮ್ ಬಿಟ್ಟೊಡನೆ ಎಲ್ಲವೂ ಮೊದಲಿಗಿಂತ ಜೋರಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ತೊಡೆಸಂದಿಯಲ್ಲಿ ಮಾಸದ ಗೀರುಗಳು ಬೀಳುತ್ತವೆ. ಅಂಥ ಕ್ರೀಮ್ ಬಳಸುತ್ತಿದ್ದರೆ ಡಬ್ಬಿಯ ಸಮೇತ ಚರ್ಮವೈದ್ಯರಲ್ಲಿಗೆ ಹೋಗಿ, ಕ್ರೀಮಿನ ಅಂಶವನ್ನು ಸ್ಪಿರಿಟ್ ಹತ್ತಿಯಿಂದ ಒರಸಿ, ಉಂಗುರದ ಅಂಚನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆ ಮಾಡಿಸಿ. ಕೆಲವೇ ನಿಮಿಷಗಳಲ್ಲಿ ಸೂಕ್ಷ್ಮದರ್ಶಕದಡಿ ಶಿಲೀಂಧ್ರದ ಎಳೆ ಇದೆಯೋ ಇಲ್ಲವೋ ಕಾಣುತ್ತದೆ.